ಹೂದೋಟದ ಹಿಂದಿನ ಅದಿರಿನ ಹಾದಿ

ತರೀಕೆರೆ ಪಟ್ಟಣದಿಂದ ಲಿಂಗದಹಳ್ಳಿಯ ಮಾರ್ಗವಾಗಿ ಸುಮಾರು 35 ಕಿ.ಮೀ. ದೂರದಲ್ಲಿ, ಬಾಬಾಬುಡನ್ ಗಿರಿಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿರುವ ಕೆಮ್ಮಣ್ಣುಗುಂಡಿಯು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿ, ಅವರ ಹೆಸರನ್ನೇ ಹೊತ್ತ ಕೃಷ್ಣರಾಜೇಂದ್ರ ಗಿರಿಧಾಮವಾಗಿ, ತೋಟಗಾರಿಕೆ ಇಲಾಖೆಯ ಹೂದೋಟವಾಗಿ ನಾಡಿಗೆಲ್ಲ ಪರಿಚಿತ. ಇದೇ ಬೆಟ್ಟ ದಶಕಗಳ ಕಾಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಗಣಿಯೂ ಆಗಿತ್ತೆಂಬುದು ಮಾತ್ರ ಪ್ರವಾಸಿಗರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿದೆ. ತೋಟದ ಬಾಗಿಲವರೆಗೆ ವಾಹನದಲ್ಲಿ ಬಂದು, ಗುಲಾಬಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮರಳುವವರಿಗೆ ಈ ಹಿನ್ನೆಲೆ ತಿಳಿಯುವ ಅವಕಾಶವೇ ಇಲ್ಲ; ನಡೆದು ನೋಡುವವರಿಗೆ ಅದು ಕಾಲಡಿಯಲ್ಲೇ ಸಿಗುತ್ತದೆ.

ಈ ಶ್ರೇಣಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಕಬ್ಬಿಣದ ಆಕ್ಸೈಡ್‌ನ ಕಪ್ಪು ಪಟ್ಟೆ ಮತ್ತು ಸಿಲಿಕಾದ ಬಿಳಿ ಅಥವಾ ಕೆಂಪು ಪಟ್ಟೆ ಒಂದರ ಮೇಲೊಂದು ಪದರುಗಟ್ಟಿರುವ ಈ ಬಗೆಯ ಕಲ್ಲನ್ನು ಭೂವಿಜ್ಞಾನಿಗಳು ಪಟ್ಟೆಯುಳ್ಳ ಕಬ್ಬಿಣಶಿಲೆ ಎನ್ನುತ್ತಾರೆ. ಮಲೆನಾಡಿನ ಮಳೆಯು ಯುಗಯುಗಗಳಿಂದ ಇದರ ಸಿಲಿಕಾವನ್ನು ಕರಗಿಸಿ ಒಯ್ದಂತೆಲ್ಲ ಉಳಿದ ಭಾಗದಲ್ಲಿ ಕಬ್ಬಿಣದ ಅಂಶ ಹೆಚ್ಚುತ್ತ ಬಂದು, ಮೇಲ್ಪದರವು ಅಗೆಯಲು ಯೋಗ್ಯವಾದ ಅದಿರಾಯಿತು. ಇಂಥ ಚೂರೊಂದನ್ನು ಕೈಗೆತ್ತಿಕೊಂಡರೆ ಅದೇ ಗಾತ್ರದ ಬೇರೆ ಕಲ್ಲಿಗಿಂತ ಅದು ಭಾರವಾಗಿರುವುದು ತಟ್ಟನೆ ಅರಿವಾಗುತ್ತದೆ, ಪಿಂಗಾಣಿಯ ಹೊಳಪಿಲ್ಲದ ಹಿಂಬದಿಗೆ ಉಜ್ಜಿದರೆ ಕಲ್ಲು ಎಷ್ಟೇ ಕಪ್ಪಾಗಿದ್ದರೂ ಬೀಳುವ ಗೆರೆ ಕೆಂಗಂದು. ಹೆಮಟೈಟ್ ಎಂಬ ಅದಿರನ್ನು ಗುರುತಿಸುವ ಅತ್ಯಂತ ಅಗ್ಗದ ಪರೀಕ್ಷೆ ಇದು.

ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷವಾದ 1918ರಲ್ಲಿ, ಅಂದು ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಆರಂಭವಾಗಿ, 1923ರ ಜನವರಿಯಲ್ಲಿ ಉತ್ಪಾದನೆಗೆ ಇಳಿಯಿತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಅಲ್ಲಿಯ ಊದುಕುಲುಮೆಯನ್ನು ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲಿನಿಂದಲೇ ನಡೆಸಬೇಕಾಯಿತು. ಬೆಟ್ಟ ಅದಿರು ಕೊಟ್ಟಿತು, ಕಾಡು ಇದ್ದಿಲು ಕೊಟ್ಟಿತು. ಉಕ್ಕಿನ ಇತಿಹಾಸ ಬರೆದವರು ಕಾಡಿನ ಲೆಕ್ಕವನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಬಿಟ್ಟಿದ್ದಾರೆ.

ಅದಿರನ್ನು ಬೆಟ್ಟದಿಂದ ಇಳಿಸಿದ ಬಗೆಯೇ ಕೆಮ್ಮಣ್ಣುಗುಂಡಿಯ ಕಥೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು. ಗಣಿಯಿಂದ ಬೆಟ್ಟದ ತಪ್ಪಲಿನ ತಣಿಗೆಬೈಲಿನವರೆಗೆ ರೋಪ್‌ವೇ, ಅಂದರೆ ಕಂಬದಿಂದ ಕಂಬಕ್ಕೆ ಹಾಯ್ದ ಉಕ್ಕಿನ ಹಗ್ಗದ ಮೇಲೆ ತೊಟ್ಟಿಗಳು ತೂಗುತ್ತ ಸಾಗುವ ವೈಮಾನಿಕ ಮಾರ್ಗ. ಅಲ್ಲಿಂದ ಭದ್ರಾವತಿಯವರೆಗೆ ಕಿರುಹಳಿಯ ಟ್ರಾಮ್ ಮಾರ್ಗ. ಬೆಟ್ಟದಿಂದ ಇಳಿಯುವ ಇಂಥ ರೋಪ್‌ವೇಯ ತತ್ತ್ವವು ಎರಡು ಕೊಡಗಳನ್ನು ಕಟ್ಟಿದ ಬಾವಿಯ ರಾಟೆಯದೇ: ತುಂಬಿದ ತೊಟ್ಟಿಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತ, ಅದೇ ಹಗ್ಗದ ಇನ್ನೊಂದು ಬದಿಯಲ್ಲಿರುವ ಖಾಲಿ ತೊಟ್ಟಿಗಳನ್ನು ಮೇಲಕ್ಕೆ ಎಳೆಯುತ್ತವೆ. ಆದ್ದರಿಂದ ಅಲ್ಲಿ ಎಳೆಯುವ ಯಂತ್ರಕ್ಕಿಂತ ತಡೆಯುವ ಬ್ರೇಕಿಗೇ ಕೆಲಸ ಹೆಚ್ಚು, ಹಿಡಿತ ಸಡಿಲಿದರೆ ಇಡೀ ಸಾಲು ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವ ಅಪಾಯವಿರುತ್ತದೆ. ತೊಟ್ಟಿಗಳ ನಡುವಿನ ಅಂತರ ಸಮನಾಗಿರಬೇಕು, ತುಂಬುವ ಪ್ರಮಾಣ ಒಂದೇ ಆಗಿರಬೇಕು, ಹಗ್ಗದ ಎಳೆಗಳು ಸವೆದಿವೆಯೇ ಎಂದು ಆಗಾಗ ತಪಾಸಣೆ ನಡೆಯಬೇಕು. ರಸ್ತೆಗಾಗಿ ಬೆಟ್ಟವನ್ನು ಬಳಸಿ ಬಳಸಿ ಕಡಿಯುವ ಬದಲು ಕಂಬದ ಬುಡದಷ್ಟೇ ನೆಲವನ್ನು ಕೇಳಿದ ಈ ಮಾರ್ಗ, ಗಣಿಗಾರಿಕೆಯ ಲೋಕದಲ್ಲಿ ವಿರಳವಾದ ಸಂಯಮವನ್ನು ತೋರಿತೆನ್ನಬೇಕು.

ಕಾಲ್ನಡಿಗೆಯ ಉಳಿದ ತಾಣಗಳು ಸುಪರಿಚಿತ. ರಾಜಭವನದಿಂದ ಆರಂಭವಾಗುವ ಕಿರುದಾರಿಯು ಶಾಂತಿ ಜಲಪಾತವನ್ನು ದಾಟಿ, ಒಂದೆಡೆ ಹುಲ್ಲುಗಾವಲು, ಇನ್ನೊಂದೆಡೆ ಕಣಿವೆಯ ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡು ಇರುವ ಏಣಿನ ಮೇಲೆ ಸಾಗಿ ಝಡ್ ಪಾಯಿಂಟ್ ಎಂಬ ನೋಟದ ತಾಣವನ್ನು ಮುಟ್ಟುತ್ತದೆ. ಎರಡು ಹಂತಗಳಲ್ಲಿ 168 ಮೀಟರ್ ಧುಮುಕುವ ಹೆಬ್ಬೆ ಜಲಪಾತ ಭದ್ರಾ ಅಭಯಾರಣ್ಯದ ಕಡೆಗಿದ್ದರೆ, ವೀರಭದ್ರ ದೇವಾಲಯವಿರುವ ಕಲ್ಹತ್ತಿಗಿರಿ ಲಿಂಗದಹಳ್ಳಿಯ ದಾರಿಯಲ್ಲಿದೆ.

ಗಣಿಯ ನೆನಪನ್ನು ಪ್ರವಾಸಿಗರ ಮುಂದಿಡುವ ಊರುಗಳೂ ಇವೆ. ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಔರೊ ಪ್ರೆಟೊ ಎಂಬ ವಸಾಹತುಕಾಲದ ಬೆಟ್ಟದ ಪಟ್ಟಣವೂ ಗಣಿಯಿಂದಲೇ ಹುಟ್ಟಿದ್ದು. 17ನೆಯ ಶತಮಾನದ ಕೊನೆಯಲ್ಲಿ ಚಿನ್ನ ಸಿಕ್ಕಿದ್ದರಿಂದ, ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಬೆಳೆದ ಆ ಊರು, 1897ರಲ್ಲಿ ರಾಜಧಾನಿಯ ಪಟ್ಟ ಕಳೆದುಕೊಂಡ ಮೇಲೆ ಬದಲಾಗದೆ ಉಳಿದು, 1980ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡಿದಾದ ಕಲ್ಲುಹಾಸಿನ ಬೀದಿಗಳನ್ನು ಏರಿಳಿದು ಇಗರ್ಜಿಗಳನ್ನು ನೋಡುವ ಪ್ರವಾಸಿಯು ಅಲ್ಲಿ ಹಳೆಯ ಗಣಿಯ ಸುರಂಗದೊಳಗೂ ಹೋಗಿಬರಬಹುದು, 1876ರಲ್ಲಿ ಸ್ಥಾಪಿತವಾದ ಗಣಿಶಾಲೆಯ ಖನಿಜ ಸಂಗ್ರಹವನ್ನೂ ನೋಡಬಹುದು. ಕೆಮ್ಮಣ್ಣುಗುಂಡಿಗೆ ಅಂಥ ಇಗರ್ಜಿಗಳ ವೈಭವವಾಗಲಿ, ಪುಣ್ಯಕ್ಕೆ ಅಂಥ ಗುಲಾಮಗಿರಿಯ ಕಳಂಕವಾಗಲಿ ಇಲ್ಲ. ಆದರೆ ಒಂದು ತೊಟ್ಟಿ, ಒಂದು ತುಂಡು ಹಗ್ಗ, ಅದಿರಿನ ಮಾರ್ಗವನ್ನು ತೋರಿಸುವ ಒಂದು ನಕ್ಷೆ ಗುಲಾಬಿ ತೋಟದ ಪಕ್ಕದಲ್ಲಿದ್ದರೆ ಹೂವಿನ ಚೆಲುವಿಗೆ ಕುಂದೇನೂ ಬಾರದು.

ಗಣಿ ನಿಂತು ಬೆಟ್ಟ ಹಸಿರಾಗುತ್ತಿರುವುದಕ್ಕೆ ಮರುಗುವವರು ಹೆಚ್ಚಿಲ್ಲ, ಮರುಗಬೇಕಾದ ಕಾರಣವೂ ಇಲ್ಲ. ಭದ್ರಾವತಿಯ ಕಥೆ ಬೇರೆ. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಬಂದ ಕಾರ್ಖಾನೆಗೆ ಸ್ವಂತ ಗಣಿಯ ಅದಿರಿಲ್ಲದ ಕೊರತೆ ಬಹುಕಾಲ ಕಾಡಿತು. ಉತ್ಪಾದನೆಗೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಗಿರಣಿ ಮತ್ತೆ ಚಾಲೂ ಆಯಿತಾದರೂ, ಅದಕ್ಕೆ ಬೇಕಾದ ಉಕ್ಕಿನ ದಿಮ್ಮಿಗಳು ಬಂದದ್ದು ಹೊರಗಿನಿಂದ.