ಕಚೇರಿ ಕೆಲಸಗಳನ್ನು ಕೃತಕ ಬುದ್ಧಿಮತ್ತೆ ಕಸಿದುಕೊಳ್ಳುವುದೇ?

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರದ ಒಂದು ಆದಿತ್ಯವಾರ, ಪೂಜೆ ಮುಗಿದು ಹೊರಬರುತ್ತಿದ್ದಾಗ ಓರ್ವ ತಾಯಿ ನಮ್ಮನ್ನು ನಿಲ್ಲಿಸಿದರು. "ಫಾದರ್, ಮಗನನ್ನು ಬಿ.ಕಾಂ.ಗೆ ಹಾಕುವುದಾ ಬೇಡವಾ? ಅದೆಂತದೋ ಎ.ಐ. ಬಂದಿದೆಯಂತಲ್ಲ. ಮೂರು ವರ್ಷ ಕಲಿತು ಬರುವಾಗ ಆಫೀಸಿನ ಕೆಲಸ ಎಂಬುದು ಉಂಟಾ?" ಎಂದು ಕೇಳಿದರು. ಅವರ ಪತಿ ಗಲ್ಫಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಹಿರಿಯ ಮಗಳ ಶಿಕ್ಷಣಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ. "ಹೆದರಬೇಡಿ" ಎಂದು ಹೇಳಿ ಕಳುಹಿಸುವುದು ನಮಗೆ ಸುಲಭವಿತ್ತು. ಆದರೆ ಅದು ಪ್ರಾಮಾಣಿಕ ಉತ್ತರ ಆಗುತ್ತಿರಲಿಲ್ಲ. ಇದೇ ಪ್ರಶ್ನೆಯನ್ನು ಇತ್ತೀಚೆಗೆ ಹಲವು ಹೆತ್ತವರು ಕೇಳುತ್ತಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಯಂತ್ರ ಮಾಡುವುದಾದರೂ ಏನು?

2022ರ ನವೆಂಬರ್ 30ರಂದು ಓಪನ್ ಎ.ಐ. ಎಂಬ ಅಮೆರಿಕದ ಸಂಸ್ಥೆ ಚಾಟ್ ಜಿಪಿಟಿಯನ್ನು ಜನರ ಬಳಕೆಗೆ ಬಿಟ್ಟಿತು. ಅಲ್ಲಿಂದ ಈ ಚರ್ಚೆ ಮನೆಮನೆಗೆ ಬಂತು. ಈ ಬಗೆಯ ಯಂತ್ರಗಳಿಗೆ ಅಪಾರ ಪ್ರಮಾಣದ ಬರಹಗಳನ್ನು ಉಣಿಸಿ, ಒಂದು ಪದದ ಬಳಿಕ ಯಾವ ಪದ ಬರಬಹುದು ಎಂದು ಊಹಿಸಲು ಕಲಿಸಲಾಗುತ್ತದೆ. ಈ ಊಹೆ ಎಷ್ಟು ಪಳಗಿದೆಯೆಂದರೆ, ಪತ್ರ ಬರೆಯುವುದು, ಭಾಷಾಂತರ ಮಾಡುವುದು, ಸಭೆಯ ವರದಿ ತಯಾರಿಸುವುದು, ನೂರು ಪುಟಗಳ ದಾಖಲೆಯನ್ನು ಎರಡು ಪುಟಕ್ಕೆ ಇಳಿಸುವುದು, ಸಾಫ್ಟ್‌ವೇರ್ ಬರೆಯುವುದು ಇವೆಲ್ಲವನ್ನೂ ಅದು ಕ್ಷಣಗಳಲ್ಲಿ ಮಾಡಿ ಮುಗಿಸುತ್ತದೆ.

ಹಿಂದಿನ ಯಂತ್ರಗಳು ಕೈಯ ಶ್ರಮವನ್ನು ವಹಿಸಿಕೊಂಡಿದ್ದವು. ಇದು ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕೇ ಕೈ ಹಾಕಿದೆ. ಗಾರೆಯವನ, ಪ್ಲಂಬರನ, ದಾದಿಯ ಕೆಲಸ ಸದ್ಯಕ್ಕೆ ಅದರಿಂದಾಗದು. ಗುಮಾಸ್ತನ ಕೆಲಸದ ಬಹುಪಾಲು ಆಗುತ್ತದೆ. ಬಿಸಿಲಿನಲ್ಲಿ ದುಡಿಯುವುದು ಬೇಡ, ಫ್ಯಾನಿನ ಕೆಳಗಿನ ಕೆಲಸ ಸಿಗಲಿ ಎಂದು ಮಕ್ಕಳನ್ನು ಓದಿಸಿದ ನಮ್ಮವರಿಗೆ ಇದು ಆಘಾತ ತಂದಿದ್ದರೆ ಆಶ್ಚರ್ಯವಿಲ್ಲ.

ಕರಾವಳಿ ಕಂಡ ಹಿಂದಿನ ಬದಲಾವಣೆ

ಇಂತಹ ಭಯ ನಮ್ಮ ಊರಿಗೆ ಹೊಸತಲ್ಲ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇದೇ ಮಂಗಳೂರು-ಉಡುಪಿಯಲ್ಲಿ. ಬ್ಯಾಂಕಿನ ಗುಮಾಸ್ತನಾದರೆ ಬಾಳು ಭದ್ರ ಎಂಬ ಕಾಲವೊಂದಿತ್ತು. ಹಾಗೆಯೇ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತ ಎಷ್ಟೋ ಯುವಕ ಯುವತಿಯರು ಮುಂಬೈಗೆ, ಅಲ್ಲಿಂದ ಗಲ್ಫಿಗೆ ಹೋಗಿ ಮನೆಯನ್ನು ಮೇಲೆತ್ತಿದರು.

ಬ್ಯಾಂಕುಗಳಿಗೆ ಗಣಕಯಂತ್ರ ಬರುತ್ತದೆ ಎಂದಾಗ ನೌಕರರ ಸಂಘಗಳು ತೀವ್ರವಾಗಿ ವಿರೋಧಿಸಿದವು. 1983ರಲ್ಲಿ ಬ್ಯಾಂಕುಗಳ ಆಡಳಿತ ಮತ್ತು ಸಂಘಗಳ ನಡುವೆ ಒಪ್ಪಂದವಾದ ಬಳಿಕವೇ ಯಂತ್ರಗಳು ಮಿತಿಯೊಳಗೆ ಬಂದವು. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ರಿಸರ್ವ್ ಬ್ಯಾಂಕ್ ಸಮಿತಿಗಳು 1984 ಮತ್ತು 1989ರಲ್ಲಿ ಗಣಕೀಕರಣದ ದಾರಿಯನ್ನು ಗುರುತಿಸಿದವು. ಮುಂದೆ ದಪ್ಪ ಲೆಡ್ಜರುಗಳು ಮಾಯವಾದವು, ಕೋರ್ ಬ್ಯಾಂಕಿಂಗ್ ಬಂತು. 2016ರಲ್ಲಿ ಯು.ಪಿ.ಐ. ಬಂದ ಮೇಲಂತೂ ಹಣ ಪಾವತಿಗೆ ಬ್ಯಾಂಕಿನ ಮೆಟ್ಟಿಲು ಹತ್ತಬೇಕಾದ ಪ್ರಸಂಗವೇ ಕಡಿಮೆಯಾಯಿತು.

ಹಾಗಾದರೆ ಬ್ಯಾಂಕ್ ಉದ್ಯೋಗ ನಾಶವಾಯಿತೇ? ಇಲ್ಲ. ಶಾಖೆಗಳು ಹೆಚ್ಚಿದವು, ಸಾಲ, ವಿಮೆ, ಗ್ರಾಹಕ ಸೇವೆ ಎಂದು ಕೆಲಸದ ಸ್ವರೂಪ ಬದಲಾಯಿತು. ಆದರೆ 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಹತ್ತಾರು ಸಾವಿರ ಮಂದಿ ಹೊರನಡೆದದ್ದೂ ನಿಜ. ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತರೇ ಹೆಚ್ಚು, ಇಂದು ಅಧಿಕಾರಿಗಳೇ ಹೆಚ್ಚು. ಊರೂರಲ್ಲಿದ್ದ ಟೈಪಿಂಗ್ ಶಾಲೆಗಳಂತೂ ಒಂದೊಂದಾಗಿ ಬಾಗಿಲು ಹಾಕಿದವು. ಉದ್ಯೋಗ ಉಳಿಯಿತು, ಆದರೆ ಎಲ್ಲ ಉದ್ಯೋಗಿಗಳು ಉಳಿಯಲಿಲ್ಲ ಎಂಬುದೇ ಈ ಇತಿಹಾಸದ ಪಾಠ.

ಈ ಬಾರಿ ಏನು ಭಿನ್ನ?

ಮೊದಲನೆಯದು ವೇಗ. ಬ್ಯಾಂಕುಗಳ ಗಣಕೀಕರಣಕ್ಕೆ ಸುಮಾರು ಇಪ್ಪತ್ತೈದು ವರ್ಷ ಹಿಡಿಯಿತು. ಒಂದು ತಲೆಮಾರು ನಿವೃತ್ತಿಯಾಗಿ ಮತ್ತೊಂದು ತಲೆಮಾರು ಕಲಿತು ಬರಲು ಸಮಯವಿತ್ತು. ಈಗ ಮೂರು ವರ್ಷಗಳ ಪದವಿ ಮುಗಿಯುವುದರೊಳಗೆ ಯಂತ್ರದ ಹಲವು ಹೊಸ ಆವೃತ್ತಿಗಳು ಬಂದು ಹೋಗುತ್ತವೆ.

ಎರಡನೆಯದು, ಹೊಡೆತ ಬೀಳುವ ಜಾಗ. ಯಾವುದೇ ಕಚೇರಿಯಲ್ಲಿ ಹೊಸಬರಿಗೆ ಕೊಡುವುದು ಸರಳ ಕೆಲಸ: ಬಿಲ್ಲುಗಳನ್ನು ನಮೂದಿಸು, ಕರಡು ಬರೆ, ಮಾಹಿತಿ ಸಂಗ್ರಹಿಸು. ಇದನ್ನು ಮಾಡುತ್ತಲೇ ಅವರು ಕೆಲಸ ಕಲಿಯುತ್ತಾರೆ. ಯಂತ್ರಕ್ಕೆ ಅತಿ ಸುಲಭವಾದದ್ದೂ ಇದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎ.ಐ. ಪ್ರಭಾವ ಹೆಚ್ಚಿರುವ ವೃತ್ತಿಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ ಇತರರಿಗೆ ಹೋಲಿಸಿದರೆ ಶೇಕಡಾ 13ರಷ್ಟು ಕುಸಿದಿದೆ. ಅದೇ ವೃತ್ತಿಗಳ ಅನುಭವಿಗಳಿಗೆ ಅಷ್ಟು ತೊಂದರೆಯಾಗಿಲ್ಲ. ಅಂದರೆ ಏಣಿ ಮುರಿದಿಲ್ಲ, ಅದರ ಕೆಳಗಿನ ಮೆಟ್ಟಿಲು ಸಡಿಲವಾಗಿದೆ. ಆದರೆ ಮೇಲಿನ ಮೆಟ್ಟಿಲಿಗೆ ಹೋಗಬೇಕಾದವರು ಕೆಳಗಿನಿಂದಲೇ ಹತ್ತಬೇಕಲ್ಲವೇ?

ಮೂರನೆಯದು, ಮಹಿಳೆಯರ ವಿಷಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2023ರ ಅಧ್ಯಯನದಲ್ಲಿ ಗುಮಾಸ್ತ ವರ್ಗದ ಕೆಲಸಗಳೇ ಅತಿ ಹೆಚ್ಚು ಅಪಾಯದಲ್ಲಿವೆ ಎಂದಿತು. ಈ ಹುದ್ದೆಗಳಲ್ಲಿ ಸ್ತ್ರೀಯರು ಹೆಚ್ಚಿರುವ ಕಾರಣ, ಯಂತ್ರಕ್ಕೆ ಹೋಗಬಹುದಾದ ಉದ್ಯೋಗಗಳ ಪ್ರಮಾಣ ಪುರುಷರಿಗಿಂತ ಅವರಲ್ಲಿ ಎರಡು ಪಟ್ಟಿಗೂ ಅಧಿಕ. ಆಫೀಸಿನ ಕೆಲಸದಿಂದ ಸ್ವಂತ ಕಾಲ ಮೇಲೆ ನಿಂತ ನಮ್ಮ ಹೆಣ್ಣುಮಕ್ಕಳನ್ನು ನೆನೆದರೆ ಇದು ಕೇವಲ ಅಂಕಿ ಅಂಶವಲ್ಲ.

ಭವಿಷ್ಯವಾಣಿಗಳನ್ನು ಎಷ್ಟು ನಂಬಬೇಕು?

ಅಂತಾರಾಷ್ಟ್ರೀಯ ಹಣಕಾಸು ನಿಧಿ 2024ರ ಜನವರಿಯಲ್ಲಿ ಜಗತ್ತಿನ ಶೇಕಡಾ 40ರಷ್ಟು ಉದ್ಯೋಗಗಳಿಗೆ ಎ.ಐ. ತಟ್ಟಲಿದೆ ಎಂದಿತು. 'ತಟ್ಟುವುದು' ಎಂದರೆ 'ಹೋಗುವುದು' ಎಂದಲ್ಲ ಎಂಬುದನ್ನು ಗಮನಿಸಬೇಕು. ವಿಶ್ವ ಆರ್ಥಿಕ ವೇದಿಕೆ 2025ರ ವರದಿಯಲ್ಲಿ, 2030ರೊಳಗೆ ವಿವಿಧ ಕಾರಣಗಳಿಂದ 9.2 ಕೋಟಿ ಉದ್ಯೋಗಗಳು ಹೋಗಿ 17 ಕೋಟಿ ಹೊಸತು ಬರಲಿವೆ ಎಂದು ಅಂದಾಜಿಸಿತು. ಇನ್ನೊಂದೆಡೆ ಆಂಥ್ರೋಪಿಕ್ ಎಂಬ ಎ.ಐ. ಕಂಪನಿಯ ಮುಖ್ಯಸ್ಥ ಡಾರಿಯೊ ಅಮೊಡೆಯ್ ಅವರು 2025ರ ಮೇ ತಿಂಗಳಲ್ಲಿ, ಐದು ವರ್ಷಗಳೊಳಗೆ ಆರಂಭಿಕ ಹಂತದ ಕಚೇರಿ ಕೆಲಸಗಳಲ್ಲಿ ಅರ್ಧದಷ್ಟು ಇಲ್ಲವಾಗಬಹುದು ಎಂದು ಎಚ್ಚರಿಸಿದರು.

ಇವೆಲ್ಲ ಅಂದಾಜುಗಳು. ಅಂದಾಜು ತಪ್ಪಿದ್ದೂ ಇದೆ. ಎ.ಐ. ಕ್ಷೇತ್ರದ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ಎಕ್ಸ್‌ರೇ, ಸ್ಕ್ಯಾನ್ ನೋಡುವ ರೇಡಿಯಾಲಜಿ ವೈದ್ಯರ ತರಬೇತಿಯನ್ನೇ ನಿಲ್ಲಿಸಬೇಕು ಎಂದಿದ್ದರು. ಇಂದಿಗೂ ಆ ವೈದ್ಯರಿಗೆ ಬೇಡಿಕೆ ತಗ್ಗಿಲ್ಲ. ಸ್ವೀಡನ್ನಿನ ಕ್ಲಾರ್ನಾ ಕಂಪನಿಯು 2024ರಲ್ಲಿ, ತನ್ನ ಎ.ಐ. ಸಹಾಯಕ 700 ನೌಕರರ ಕೆಲಸ ಮಾಡುತ್ತಿದೆ ಎಂದು ಹೆಮ್ಮೆಪಟ್ಟಿತು. 2025ರಲ್ಲಿ ಸೇವೆಯ ಗುಣಮಟ್ಟ ಇಳಿದುದನ್ನು ಒಪ್ಪಿ, ಗ್ರಾಹಕರೊಡನೆ ಮಾತಾಡಲು ಮತ್ತೆ ಮನುಷ್ಯರನ್ನು ಸೇರಿಸಿಕೊಳ್ಳಲು ಮುಂದಾಯಿತು.

ನಮ್ಮ ದೇಶದಲ್ಲಿ ಟಿ.ಸಿ.ಎಸ್. ಕಂಪನಿಯು 2025ರ ಜುಲೈಯಲ್ಲಿ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿತಗೊಳಿಸುವುದಾಗಿ ತಿಳಿಸಿತು. ಎ.ಐ. ಇದಕ್ಕೆ ಕಾರಣವಲ್ಲ, ಕೌಶಲ ಹೊಂದಿಕೆಯಾಗದಿರುವುದು ಕಾರಣ ಎಂದು ಕಂಪನಿ ಹೇಳಿತು. ಕಾರಣ ಏನೇ ಇರಲಿ, ಮೂರೂವರೆ ದಶಕಗಳಿಂದ ಮಧ್ಯಮ ವರ್ಗದ ಆಸರೆಯಾಗಿದ್ದ ಕ್ಷೇತ್ರ ಮೊದಲಿನಂತಿಲ್ಲ ಎಂಬುದಂತೂ ಸ್ಪಷ್ಟ.

ಯಂತ್ರ ಸಹಿ ಹಾಕುವುದಿಲ್ಲ

ಯಂತ್ರದ ದೊಡ್ಡ ಕೊರತೆಯೊಂದಿದೆ. ತಾನು ಹೇಳಿದ್ದಕ್ಕೆ ಅದು ಹೊಣೆಯಾಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್ ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂತಹ ತೀರ್ಪುಗಳೇ ಇರಲಿಲ್ಲ! ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದ್ದು ವಕೀಲರಿಗೆ, ಯಂತ್ರಕ್ಕಲ್ಲ.

ಇದರ ಸಣ್ಣ ಅನುಭವ ನಮಗೂ ಆಗಿದೆ. ಹಳೆಯ ಜ್ಞಾನಸ್ನಾನ ದಾಖಲೆಯ ಪುಟವೊಂದನ್ನು ಓದಿಸಿ ನೋಡಿದೆವು. ಮಸುಕಾದ ಕೈಬರಹವನ್ನು ಅದು ಸರಾಗವಾಗಿಯೇ ಓದಿತು, ಆದರೆ ದಾಖಲೆಯಲ್ಲಿ ಇಲ್ಲದ ಅಜ್ಜಿಯ ಹೆಸರೊಂದನ್ನು ತಾನೇ ಸೇರಿಸಿತು. ನಮ್ಮ ಕಚೇರಿಯ ಸಹಾಯಕಿ ಆ ಮನೆತನವನ್ನು ಬಲ್ಲವರಾದ್ದರಿಂದ ತಪ್ಪು ತಕ್ಷಣ ತಿಳಿಯಿತು. ಇಲ್ಲವಾದರೆ ಆ ತಪ್ಪು ಪ್ರಮಾಣಪತ್ರವಾಗಿ, ಅದಕ್ಕೆ ನಮ್ಮ ಸಹಿ ಬಿದ್ದು, ಯಾರದೋ ಪಾಸ್‌ಪೋರ್ಟಿಗೆ ತೊಡಕಾಗುತ್ತಿತ್ತು. ಮುಂದಿನ ದಿನಗಳಲ್ಲಿ ಕಚೇರಿಯಲ್ಲಿ ಬೆಲೆ ಬರುವುದು ಇಂತಹ ಗುಣಕ್ಕೆ: ವಿಷಯ ತಿಳಿದಿರುವುದು, ಪರಿಶೀಲಿಸುವುದು, ಹೊಣೆ ಹೊರುವುದು.

ಧರ್ಮಸಭೆಯ ನಿಲುವು

ಜಗದ್ಗುರು 13ನೇ ಲಿಯೊ ಅವರು 1891ರಲ್ಲಿ 'ರೇರುಮ್ ನೊವಾರುಮ್' ವಿಶ್ವಪತ್ರದ ಮೂಲಕ ಕಾರ್ಖಾನೆ ಯುಗದ ಕಾರ್ಮಿಕರ ಪರ ದನಿಯೆತ್ತಿದರು. 2025ರ ಮೇ 10ರಂದು ಕಾರ್ಡಿನಲರೊಡನೆ ಮಾತಾಡಿದ ಜಗದ್ಗುರು 14ನೇ ಲಿಯೊ ಅವರು, ತಾವು ಆ ಹೆಸರನ್ನು ಆರಿಸಿಕೊಳ್ಳಲು ಅದೇ ಮುಖ್ಯ ಕಾರಣವೆಂದೂ, ಎ.ಐ. ಇಂದು ಮಾನವ ಘನತೆ, ನ್ಯಾಯ ಹಾಗೂ ದುಡಿಮೆಗೆ ಹೊಸ ಸವಾಲು ಒಡ್ಡಿದೆಯೆಂದೂ ತಿಳಿಸಿದರು. ಸಂತ ದ್ವಿತೀಯ ಜಾನ್ ಪಾವ್ಲರ 1981ರ ವಿಶ್ವಪತ್ರದ ಸಾರವೂ, ಕೆಲಸಕ್ಕಿಂತ ಕೆಲಸಗಾರ ಮಿಗಿಲು ಎಂಬುದೇ. ಈ ಮಾತು ಕಂಪನಿಗಳಿಗೆ ಮಾತ್ರವಲ್ಲ, ಶಾಲೆ, ಆಸ್ಪತ್ರೆ, ಕಚೇರಿ ನಡೆಸುವ ನಮ್ಮ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸಂಬಳ ಉಳಿಸಲೆಂದು ಗುಮಾಸ್ತರನ್ನು ಮನೆಗೆ ಕಳುಹಿಸಿ, ಪ್ರವಚನದಲ್ಲಿ ದುಡಿಮೆಯ ಘನತೆಯನ್ನು ಬೋಧಿಸಿದರೆ ಯಾರು ತಾನೇ ಕೇಳಿಯಾರು?

ನಾವೇನು ಮಾಡಬಹುದು?

ವಿದ್ಯಾರ್ಥಿಗಳು ಎ.ಐ. ಬಳಕೆಯನ್ನು ಕಲಿಯಲಿ, ಆದರೆ ಅದಕ್ಕೆ ಮೊದಲು ತಮ್ಮ ವಿಷಯವನ್ನು ಸರಿಯಾಗಿ ಕಲಿಯಲಿ. ಲೆಕ್ಕ ಬಾರದವನಿಗೆ ಯಂತ್ರದ ಲೆಕ್ಕದಲ್ಲಿನ ತಪ್ಪು ಕಾಣದು. ಪದವಿಯ ಜತೆಗೆ ಆಡಿಟರರ ಕಚೇರಿ, ಸಹಕಾರಿ ಸಂಘ, ಅಂಗಡಿ ಎಲ್ಲಾದರೂ ನೇರ ಅನುಭವ ಪಡೆಯಲಿ.

ಹೆತ್ತವರು ದೊಡ್ಡ ಸಾಲ ಮಾಡಿ ಹೊಸ ಹೆಸರಿನ ಕೋರ್ಸಿಗೆ ಸೇರಿಸುವ ಮೊದಲು ಎರಡು ಬಾರಿ ಯೋಚಿಸಲಿ. ಕೈಕೆಲಸದ ಕೌಶಲವನ್ನು ಕೀಳೆಂದು ಕಾಣುವುದನ್ನು ಬಿಡಲಿ.

ಸಂಸ್ಥೆಗಳ ಮುಖ್ಯಸ್ಥರು ಹೊಸಬರಿಗೆ ಕಲಿಯಲು ಜಾಗ ಇಡಲಿ, ಇರುವ ನೌಕರರಿಗೆ ತರಬೇತಿ ಕೊಡಲಿ. ಕುಟುಂಬಗಳ ವಿವರ, ವಿವಾಹದ ಕಡತ ಮೊದಲಾದ ಖಾಸಗಿ ಮಾಹಿತಿಯನ್ನು ಇಂತಹ ಯಂತ್ರಗಳಿಗೆ ಕೊಡದಿರಲಿ.

ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಕೆಲಸ ಕಳೆದುಕೊಂಡವರು ಯಾರೆಂದು ತಿಳಿದಿರಲಿ. ಸೂಟುಬೂಟಿನ ಕೆಲಸ ಹೋದವನು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ, ಪೂಜೆಗೆ ಬರುವುದನ್ನೂ ಕಡಿಮೆ ಮಾಡುತ್ತಾನೆ. ಅವನ ಮನೆಗೆ ಮೊದಲು ಹೋಗಬೇಕಾದವರು ನಾವು.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: "ಮಗ ಬಿ.ಕಾಂ. ಮಾಡಲಿ. ಆದರೆ ಸರ್ಟಿಫಿಕೇಟ್ ತೋರಿಸಿದ ಕೂಡಲೇ ಕುರ್ಚಿ ಸಿಗುವ ಕಾಲ ಹೋಯಿತು ಎಂದು ಇವತ್ತೇ ಅವನಿಗೆ ತಿಳಿಸಿ. ರಜೆಯಲ್ಲಿ ಆಡಿಟರರೊಬ್ಬರ ಬಳಿ ಕಳುಹಿಸಿ, ನಾವೂ ಒಂದು ಮಾತು ಹೇಳುತ್ತೇವೆ." ಹುಡುಗ ಈಗ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಿದ್ದಾನೆ. ಬಿಲ್ಲುಗಳನ್ನು ಯಂತ್ರ ಓದುತ್ತದೆಯಂತೆ. ಸರಿಯೋ ತಪ್ಪೋ ನೋಡುವುದು ಅವನ ಕೆಲಸ.