ಕೆನೆತ್ ಫಾರ್ನ್ಸ್ ಎಂಬ ಉಪಾಧ್ಯಾಯ

ಕ್ರಿಕೆಟ್ಟಿನ ಆಟವು ನಮ್ಮ ಬೀದಿಬೀದಿಗಳಲ್ಲಿಯೂ ನಡೆಯುತ್ತಿರುವುದಾದರೂ ಕೆನೆತ್ ಫಾರ್ನ್ಸನ ಹೆಸರನ್ನು ಬಲ್ಲ ಗೃಹಸ್ಥರು ವಿರಳ. ಆತನು ವೇತನಕ್ಕಾಗಿ ಆಡಿದವನಲ್ಲ. ಇಂಗ್ಲೆಂಡಿನ ವರ್ಕ್‌ಸಾಪ್ ಕಾಲೇಜೆಂಬ ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳಿ ಜೀವಿಸುತ್ತಿದ್ದವನು. ಅದೇ ವೃತ್ತಿಯಲ್ಲಿ ಆಯುಷ್ಯವನ್ನು ಸವೆಸಿದ ನಮಗೆ ಆತನಲ್ಲಿ ಮಮತೆಯುಂಟಾದುದು ಆಶ್ಚರ್ಯವಲ್ಲವಷ್ಟೆ.

೧೯೧೧ನೆಯ ಜುಲೈ ೮ರಂದು ಎಸೆಕ್ಸ್ ಪ್ರಾಂತದ ಲೇಟನ್‌ಸ್ಟೋನಿನಲ್ಲಿ ಜನಿಸಿದ ಈತನು ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿದನು. ಆರಡಿ ಐದಂಗುಲದ ಆಳು. ಅಷ್ಟೆತ್ತರದಿಂದ ವೇಗವಾಗಿ ಇಳಿದ ಚೆಂಡು ನೆಲಕ್ಕೆ ತಗುಲಿ ದಾಂಡಿಗನ ಎದೆಯ ಮಟ್ಟಕ್ಕೆ ಪುಟಿಯುತ್ತಿತ್ತು. ೧೯೩೪ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಆಸ್ಟ್ರೇಲಿಯದವರ ಎದುರು ಆಡಿದ ಪ್ರಥಮ ಟೆಸ್ಟ್ ಪಂದ್ಯದಲ್ಲಿಯೇ ಹತ್ತು ವಿಕೆಟ್ಟುಗಳನ್ನು ಕೆಡಹಿದನು. ಆದರೂ ಇಂಗ್ಲೆಂಡಿಗೆ ಸೋಲೇ ಗತಿಯಾಯಿತು.

ಆ ದೇಶದಲ್ಲಿ ಆಗ ವೇತನವಿಲ್ಲದೆ ಆಡುವವರು 'ಜಂಟಲ್‌ಮನ್ನರು', ಸಂಬಳದವರು ಬರಿಯ 'ಪ್ಲೇಯರುಗಳು'. ಉಡುಪು ತೊಡುವ ಕೋಣೆ ಬೇರೆ, ಕಣಕ್ಕಿಳಿಯುವ ಬಾಗಿಲೂ ಬೇರೆ. ಪಂಕ್ತಿಭೇದವನ್ನು ಕಂಡುಂಡ ನಮ್ಮವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ! ಈ ಭೇದವು ೧೯೬೨ರಲ್ಲಿ ಅಳಿಯಿತು. ಲಾರ್ಡ್ಸ್ ಮೈದಾನದಲ್ಲಿ ಈ ಎರಡು ಪಂಗಡಗಳಿಗೂ ನಡೆದ ೧೯೩೮ರ ಪಂದ್ಯದಲ್ಲಿ ಫಾರ್ನ್ಸನು ಒಂದೇ ಸರದಿಯಲ್ಲಿ ೪೩ ಓಟಗಳನ್ನಿತ್ತು ಎಂಟು ಮಂದಿಯನ್ನು ಹಿಂದಕ್ಕೆ ಕಳುಹಿದನು. ಶಾಲೆಯ ಕೆಲಸವಿದ್ದುದರಿಂದ ತನ್ನ ಪ್ರಾಂತದ ಪರವಾಗಿ ಆಡಲು ಹೆಚ್ಚಾಗಿ ಬೇಸಗೆಯ ರಜೆಯನ್ನೇ ಕಾಯಬೇಕಾಗಿತ್ತು. ದಾಂಡು ಹಿಡಿಯುವುದರಲ್ಲಿ ಮಾತ್ರ ಅಷ್ಟಕ್ಕಷ್ಟೆ. ೧೯೩೬ರಲ್ಲಿ ಟಾಂಟನ್ನಿನಲ್ಲಿ ಔಟಾಗದೆ ೯೭ ಓಟಗಳನ್ನು ಗಳಿಸಿದುದೇ ಪರಮಾವಧಿ. ನೂರನ್ನು ಆತನು ಎಂದೂ ಕಾಣಲಿಲ್ಲ.

೧೯೩೯ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಕಾಲಮಿತಿಯಿಲ್ಲದ ಒಂದು ಟೆಸ್ಟ್ ನಡೆಯಿತು. ಮೂರನೆಯ ತಾರೀಖಿಗೆ ತೊಡಗಿದ ಆಟ ಹದಿನಾಲ್ಕರವರೆಗೂ ಮುಗಿಯಲಿಲ್ಲ. ಗೆಲ್ಲಲು ಇನ್ನು ೪೨ ಓಟಗಳಿರುವಾಗ, ಹಡಗು ಹೊರಟುಹೋದೀತೆಂದು ಇಂಗ್ಲೆಂಡಿನವರು ಆಟವನ್ನು ಅಲ್ಲಿಗೇ ಬಿಟ್ಟು ಹೊರಟರು. ಫಾರ್ನ್ಸನಿಗೆ ಅದೇ ಕಡೆಯ ಟೆಸ್ಟ್. ಆಡಿದವು ಹದಿನೈದು, ಪಡೆದ ವಿಕೆಟ್ಟುಗಳು ಅರುವತ್ತು.

ಅದೇ ವರ್ಷ ಯುದ್ಧವು ಆರಂಭವಾಯಿತು. ಉಪಾಧ್ಯಾಯನು ಪಾಠವನ್ನು ಬಿಟ್ಟು ವಿಮಾನದಳವನ್ನು ಸೇರಿದನು. ಕೆನಡದಲ್ಲಿ ಶಿಷ್ಯನಾಗಿ ವಿಮಾನ ನಡೆಸುವುದನ್ನು ಕಲಿತನು. ಊರಿಗೆ ಮರಳಿದ ಮೇಲೆ, ೧೯೪೧ನೆಯ ಅಕ್ಟೋಬರ್ ೨೦ರ ರಾತ್ರಿ, ಚಿಪ್ಪಿಂಗ್ ವಾರ್ಡನ್ನಿನಲ್ಲಿ ಅಭ್ಯಾಸದ ಹಾರಾಟದಲ್ಲಿದ್ದ ವಿಮಾನವು ಕೆಳಕ್ಕೆ ಬಿದ್ದಿತು. ಶತ್ರುವಿನ ಮುಖವನ್ನೂ ಕಾಣದೆ ಮೂವತ್ತನೆಯ ವಯಸ್ಸಿನಲ್ಲಿ ಆತನ ಕಥೆ ಮುಗಿಯಿತು.

ಡರ್ಬನ್ನಿನಲ್ಲಿ ಜೊತೆಗೆ ಆಡಿದ್ದ ಹೆಡ್ಲಿ ವೆರಿಟಿಯು ಸಂಬಳದ ಆಟಗಾರ, ಬೇರೆ ಬಾಗಿಲಿನವನು. ೧೯೪೩ರಲ್ಲಿ ಸಿಸಿಲಿಯಲ್ಲಿ ಗಾಯಗೊಂಡು ಸೆರೆಸಿಕ್ಕ ಆತನು ಆ ಜುಲೈ ೩೧ರಂದು ಇಟಲಿಯಲ್ಲಿ ಮಡಿದನು. ಆತನ ಸಮಾಧಿ ಅಲ್ಲಿಯ ಕಸೇರ್ತದಲ್ಲಿದೆ. ಫಾರ್ನ್ಸನದು ಇಂಗ್ಲೆಂಡಿನ ಬ್ರೂಕ್‌ವುಡ್ಡಿನಲ್ಲಿ, ಸೈನಿಕರ ಸಾಲಿನಲ್ಲಿ.