ಉಮೇದುವಾರರ ಪ್ರಮಾಣಪತ್ರವೂ ಅಂತರ್ಜಾಲವೂ

ಧಾರವಾಡ ಜಿಲ್ಲೆಯ ಕಲಘಟಗಿಯು ಒಂದು ವಿಧಾನಸಭಾ ಕ್ಷೇತ್ರ. 2023ರ ಮೇ 10ರಂದು ಅಲ್ಲಿ ಮತದಾನವು ನಡೆಯಿತು. ಉಮೇದುವಾರರ ಆಸ್ತಿ, ಸಾಲ, ವಿದ್ಯಾಭ್ಯಾಸ, ಅವರ ಮೇಲಿನ ಮೊಕದ್ದಮೆಗಳು ಇವೆಲ್ಲವನ್ನೂ ಮತದಾರನು ಅದಕ್ಕೆ ಮುನ್ನವೇ ಮನೆಯಲ್ಲಿ ಕುಳಿತು ಓದಬಹುದಾಗಿದ್ದಿತು. ಇದು ಹೇಗೆ ಸಾಧ್ಯವಾಯಿತು?

ಉಮೇದುವಾರನ ಪೂರ್ವಾಪರವನ್ನು ತಿಳಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತು, 2003ರಲ್ಲಿ ಅದನ್ನು ಎತ್ತಿಹಿಡಿಯಿತು. ಅದರಂತೆ ನಾಮಪತ್ರದೊಡನೆ 26ನೆಯ ನಮೂನೆಯ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಚುನಾವಣಾ ಆಯೋಗವು ಅದರ ಪ್ರತಿಯನ್ನು ತನ್ನ ಜಾಲತಾಣದಲ್ಲಿ ಇಡುತ್ತದೆ. ರಾಜ್ಯ, ಕ್ಷೇತ್ರ, ಹೆಸರುಗಳನ್ನು ಆರಿಸಿದರೆ ಪುಟಗಳು ತೆರೆಯುತ್ತವೆ.

ಆದರೆ ಓದುವುದಕ್ಕೂ ವಿವೇಚನೆ ಬೇಕು. ಇದು ಉಮೇದುವಾರನ ಸ್ವಂತ ಹೇಳಿಕೆಯೇ ಹೊರತು ಪರೀಕ್ಷಿಸಿದ ಸತ್ಯವಲ್ಲ. ಮೊಕದ್ದಮೆ ಇದ್ದ ಮಾತ್ರಕ್ಕೆ ಅಪರಾಧವು ಸಿದ್ಧವಾಗದು. ಹಿಂದಿನ ಚುನಾವಣೆಯ ಪತ್ರವನ್ನು ಪಕ್ಕದಲ್ಲಿಟ್ಟರೆ ಆಸ್ತಿಯು ಎಷ್ಟು ಬೆಳೆಯಿತೆಂದು ತಿಳಿಯುವುದು. ಆದರೆ ಭೂಮಿಯ ಬೆಲೆ ಏರಿದುದರಿಂದಲೂ ಆ ಮೊತ್ತವು ಹೆಚ್ಚಿರಬಹುದು.

ಇಷ್ಟಾದರೂ ಈ ಪತ್ರಕ್ಕೆ ಒಂದು ತೂಕವುಂಟು. ಸುಳ್ಳು ಬರೆದರೆ, ಇದ್ದುದನ್ನು ಮುಚ್ಚಿಟ್ಟರೆ, 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 125ಎ ಕಲಮಿನಂತೆ 6 ತಿಂಗಳವರೆಗೆ ಸೆರೆ, ದಂಡ, ಇಲ್ಲವೆ ಎರಡೂ ಆಗಬಹುದು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಸಾಗಿಬರುವ ಸುದ್ದಿಗೆ ಇಂತಹ ಹೊಣೆಗಾರರು ಯಾರು? ಸಹಿಯುಳ್ಳ ಮಾತೂ ಸಹಿಯಿಲ್ಲದ ಮಾತೂ ಇಂದು ಒಂದೇ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವು 18 ವರ್ಷ ತುಂಬಲಿರುವ ನಮ್ಮ ವಾಚಕರಿಗೆ ಮತದ ಹಕ್ಕು ದೊರೆಯುವ ಮೊದಲೇ ಕೈಗೂಡಬೇಕು. ಅಲ್ಲಿಯವರೆಗೆ, ಓದುಬಾರದ ಹಿರಿಯರಿಗೆ ಆ ಪುಟಗಳನ್ನು ಓದಿ ಹೇಳುವ ಕೆಲಸವನ್ನಾದರೂ ಅವರು ಕೈಕೊಳ್ಳಬಹುದಷ್ಟೆ.